ಭಾವ ರಿಜೆಕ್ಟ್ ಮಾಡಿದ ಸೈಲೆನ್ಸರುಗಳು

ಏನೇನು ಆಗಬಹುದಿತ್ತು ಎಂಬುದನ್ನು ಮೊದಲು ಹೇಳಿ ಮುಗಿಸುತ್ತೇನೆ.

ನಮ್ಮ ಭಾವನ ಗಾಡಿಯ ತುಕ್ಕು ತಿಂದ ಸೈಲೆನ್ಸರು ತುಮಕೂರು ರಸ್ತೆಯ ಫ್ಲೈಓವರ್ ಮೇಲೆ ಕಳಚಿ ಬಿದ್ದು, ಹಿಂದೆ ಬರುತ್ತಿದ್ದ ಲಾರಿಯ ಚಕ್ರಕ್ಕೆ ಸಿಕ್ಕಿ, ಲಾರಿ ಮಗುಚಿ, ಅದರೊಳಗಿದ್ದ ಕೋಳಿಗಳೆಲ್ಲ ಹೈವೇ ತುಂಬ ಓಡಾಡಬಹುದಿತ್ತು. ಸೈಲೆನ್ಸರಿನ ತೂತಿನಿಂದ ಹಾರಿದ ಒಂದು ಕಿಡಿ ಪೆಟ್ರೋಲ್ ಬಂಕಿನೊಳಗೆ ಹೋಗಿ ದಾಸರಹಳ್ಳಿಯ ಅರ್ಧ ಭಾಗ ಆಕಾಶಕ್ಕೆ ಏರಬಹುದಿತ್ತು. ಆ ಸದ್ದಿಗೆ ಬೀದಿಯವರೆಲ್ಲ ಒಟ್ಟಾಗಿ ಬಂದು ನಮ್ಮ ಅಕ್ಕನ ಮನೆಯ ಗೇಟನ್ನೇ ಕಿತ್ತುಕೊಂಡು ಹೋಗಬಹುದಿತ್ತು. ಪೊಲೀಸರು ಗಾಡಿ ಹಿಡಿದು, ಭಾವ ಪೊಲೀಸರ ಲಾಠಿಯ ಉದ್ದವನ್ನೇ ಅಳೆದು, ಅದು ಸರಿಯಿಲ್ಲ ಎಂದು ಹೇಳಿ, ನಾವಿಬ್ಬರೂ ಠಾಣೆಯಲ್ಲಿ ಕೂರಬಹುದಿತ್ತು. ವೆಲ್ಡಿಂಗ್ ಮಾಡುವಾಗ ಪೆಟ್ರೋಲ್ ಟ್ಯಾಂಕ್ ಸಿಡಿಯಬಹುದಿತ್ತು. ಕಾದ ಕೊಳವೆ ನನ್ನ ಮೀನಖಂಡಕ್ಕೆ ತಾಗಿ, ಗಾಯಕ್ಕೆ ಕೀವಾಗಿ, ಸಕ್ಕರೆ ಕಾಯಿಲೆಯೂ ಹೊಸದಾಗಿ ಪತ್ತೆಯಾಗಿ... ಸಾಕು ಬಿಡಿ.

ಇದರಲ್ಲಿ ಒಂದೂ ಆಗಲಿಲ್ಲ. ಮೇನ್ ರೋಡಿನಲ್ಲಿ ಆದದ್ದು ಒಂದೇ ಒಂದು ಸಣ್ಣ ಎಡವಟ್ಟು. ಅದನ್ನು ಈಗಲೇ ಹೇಳುವುದಿಲ್ಲ. ಮೊದಲು ನನ್ನ ಸಿಟ್ಟು ಇಳಿಯಬೇಕು.

ನೀವು ನಗಬಹುದು. ಆದರೆ ಚಿಂತೆ ಮಾಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ, ಗೊತ್ತೇ? ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ನಾನು ಸೇಫ್ಟಿ ಆಫೀಸರ್. ಬೆಂಕಿ ಬಿದ್ದರೆ ಯಾವ ಬಾಗಿಲಿಂದ ಓಡಬೇಕು, ನೆಲ ಒದ್ದೆಯಿದ್ದರೆ ಎಲ್ಲಿ ಹಳದಿ ಬೋರ್ಡು ಇಡಬೇಕು, ಮೆಟ್ಟಿಲಿಳಿಯುವಾಗ ಫೋನು ನೋಡುವವರನ್ನು ಹೇಗೆ ಗದರಬೇಕು, ಇದೇ ನನ್ನ ವೃತ್ತಿ. ಸಂಜೆ ಬ್ರೂಕ್‌ಫೀಲ್ಡಿನ ಮನೆಗೆ ಬಂದ ಮೇಲೂ ಗ್ಯಾಸ್ ಸಿಲಿಂಡರನ್ನು ಮೂರು ಸಲ ಮುಟ್ಟಿ ನೋಡಿ ಮಲಗುವವನು. ಐವತ್ತೆರಡು ವರ್ಷದಲ್ಲಿ ನಾನು ಚಿಂತಿಸದೆ ಬಿಟ್ಟ ಅಪಾಯವಿಲ್ಲ ಎಂದು ಹೆಮ್ಮೆಪಟ್ಟುಕೊಳ್ಳುತ್ತಿದ್ದೆ. ಆ ಹೆಮ್ಮೆಗೂ ಭಾವನೇ ಕಲ್ಲು ಹಾಕಿದರು!

ಈ ಭೂಮಿಯ ಮೇಲೆ ನಮ್ಮ ಭಾವ ಒಪ್ಪಿಕೊಂಡಿರುವ ವಸ್ತು ಒಂದೂ ಇಲ್ಲ. ಉತ್ಪ್ರೇಕ್ಷೆಯಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಅವರು ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವರು. ಲೇತಿನಿಂದ ಇಳಿದ ಪ್ರತಿ ಪೀಸನ್ನೂ ವರ್ನಿಯರ್ ಎಂಬ ಉಕ್ಕಿನ ಅಳತೆಪಟ್ಟಿಯ ದವಡೆಗೆ ಕಚ್ಚಿಸಿ, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೆ ಕೆಂಪು ಪೇಂಟಿನಲ್ಲಿ ಒಂದು ಅಡ್ಡಗೆರೆ ಎಳೆದು ಪಕ್ಕದ ಡಬ್ಬಕ್ಕೆ ಎಸೆಯುವುದು ಅವರ ಕೆಲಸ. ರಿಟೈರ್ ಆದ ದಿನ ಕಂಪನಿಯವರು ಶಾಲು ಹೊದೆಸಿ, ಹಾರ ಹಾಕಿ, ಕಳಿಸಿಕೊಟ್ಟರು. ವರ್ನಿಯರನ್ನೂ ಕೆಂಪು ಪೇಂಟಿನ ಪೆನ್ನನ್ನೂ ವಾಪಸು ಇಸಕೊಳ್ಳಲು ಮರೆತರು. ಆ ಮರೆವಿನ ಫಲವನ್ನು ನಮ್ಮ ಇಡೀ ಬಂಧುಬಳಗ ಉಣ್ಣುತ್ತಿದೆ.

ಅಕ್ಕನ ಮನೆಯ ಕುಕ್ಕರಿನ ಮುಚ್ಚಳಕ್ಕೆ ಕೆಂಪು ಗೆರೆ. ಬಾತ್‌ರೂಮ್ ಬಾಗಿಲಿನ ಚಿಲಕಕ್ಕೆ ಕೆಂಪು ಗೆರೆ. ಗೃಹಪ್ರವೇಶಕ್ಕೆ ನಾನು ಕೊಟ್ಟ ಗೋಡೆ ಗಡಿಯಾರಕ್ಕೆ, ಎಲ್ಲ ನೆಂಟರ ಎದುರಿಗೆ, ಎರಡು ಗೆರೆ. ಹೋಟೆಲಿನಲ್ಲಿ ಉದ್ದಿನ ವಡೆ ತರಿಸಿದರೆ ವಡೆಗಿಂತ ಮೊದಲು ತೂತಿನ ಅಳತೆ. "ಸೆಂಟರ್ ಔಟ್ ಆಗಿದೆ ಕಣಯ್ಯಾ. ವಾಪಸ್ ಕಳಿಸು." ಸಪ್ಲೈಯರ್ ನನ್ನ ಮುಖ ನೋಡುತ್ತಾನೆ, ನಾನು ಚಟ್ನಿಯ ಮುಖ ನೋಡುತ್ತೇನೆ! ಅಕ್ಕನನ್ನು ನೋಡಲು ಬಂದಾಗ ಇವರು ಹೇಳಿದ ಮಾತು ನಮ್ಮ ಮನೆಯಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ: "ಹುಡುಗಿ ಪಾಸು. ಆ ಬಾಮೈದ ಮಾತ್ರ ರೀವರ್ಕಿಗೆ ಹೋಗಬೇಕು." ಬಾಮೈದ ಎಂದರೆ ನಾನು. ಆಗ ನನಗೆ ಹತ್ತೊಂಬತ್ತು ವರ್ಷ, ಮೀಸೆ ಆಗಷ್ಟೇ ಬರುತ್ತಿತ್ತು. ಹೇಳಿ, ಸಿಟ್ಟು ಬರುತ್ತೋ ಇಲ್ಲವೋ?

ರಿಟೈರ್ ಆಗಿ ಎಂಟು ವರ್ಷವಾದರೂ ಭಾವ ಬೆಳಗ್ಗೆ ಒಂಬತ್ತಕ್ಕೆ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ತಮ್ಮ ಇಪ್ಪತ್ತೈದು ವರ್ಷದ ಮೋಟರ್‌ಸೈಕಲ್ ಒದ್ದು ಎಬ್ಬಿಸಿ, ಪೀಣ್ಯದ ಹಿಂದಿನ ಗಲ್ಲಿಗಳ ಸಣ್ಣ ಸಣ್ಣ ಶೆಡ್ಡುಗಳಿಗೆ ಹೋಗುತ್ತಿದ್ದರು. ಅಲ್ಲಿ ಯಾರೂ ಕರೆದಿಲ್ಲದೆ, ಯಾರೂ ಕೊಡದ ಸಂಬಳಕ್ಕೆ, ಪೀಸುಗಳನ್ನು ಚೆಕ್ ಮಾಡಿ ಮಧ್ಯಾಹ್ನ ಊಟಕ್ಕೆ ವಾಪಸು. ಭಾನುವಾರ ರಜೆ. ಇದು ನಿಂತುಹೋಗುವ ಪರಿಸ್ಥಿತಿ ಬಂದಾಗಲೇ ಅಕ್ಕ ನನಗೆ ಫೋನು ಮಾಡಿದ್ದು.

"ಗಾಡಿ ಸೈಲೆನ್ಸರ್ ತೂತು ಬಿದ್ದಿದೆ ಕಣೋ. ಮಷಿನ್ ಗನ್ ಥರ ಸದ್ದು. ಈ ತಿಂಗಳು ಆರ್‌ಸಿ ರಿನ್ಯೂವಲ್ ಬೇರೆ ಇದೆ. ಹಳೇ ಗಾಡಿ ಅಲ್ವಾ, ಐದು ವರ್ಷಕ್ಕೊಂದ್ಸಲ ಆರ್‌ಟಿಓದಲ್ಲಿ ತೋರಿಸಿ ಪಾಸ್ ಮಾಡಿಸಬೇಕು. ಹಿಂಗೇ ತಗೊಂಡು ಹೋದ್ರೆ ಫೇಲು. ಫೇಲಾದ್ರೆ ಗುಜರಿಗೆ."

"ಹೋಗಲಿ ಬಿಡಕ್ಕಾ, ಒಳ್ಳೇದೇ ಆಯ್ತು. ಅರವತ್ತಾರು ವರ್ಷಕ್ಕೆ ಯಾಕೆ ಬೇಕು ಗಾಡಿ?"

"ಗಾಡಿ ಹೋದ್ರೆ ಇವ್ರು ಮನೇಲಿ ಕೂತ್ಬಿಡ್ತಾರೆ ಕಣೋ. ಹೋದ ತಿಂಗಳು ಜ್ವರ ಬಂದು ನಾಲ್ಕು ದಿನ ಕೂತಿದ್ರಲ್ಲ, ಆಗ ಅನ್ನೋದು ಒಂದೂ ಇಲ್ಲ, ಆಡೋದು ಒಂದೂ ಇಲ್ಲ. ಗೋಡೆ ನೋಡ್ಕೊಂಡು ಕೂತಿದ್ರು. ನನಗೆ ಭಯ ಆಗೋಯ್ತು. ಬೈಯ್ಕೊಂಡಾದ್ರೂ ಓಡಾಡ್ಲಿ. ನೀನೇ ಬಂದು ಏನಾದ್ರೂ ಮಾಡು."

ಹೀಗಾಗಿ ನಾನು ಮೂರು ದಿನ ರಜೆ ಹಾಕಿದೆ. ವೈಟ್‌ಫೀಲ್ಡಿನಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಮೆಟ್ರೋ ಹತ್ತಿ, ಊರಿನ ಈ ತುದಿಯಿಂದ ಆ ತುದಿಗೆ ಹೋದೆ. ಹೊರಡುವಾಗ ಮುನ್ನೆಚ್ಚರಿಕೆಗೆಂದು ಬೆಂಕಿ ಆರಿಸುವ ಸಣ್ಣ ಸಿಲಿಂಡರೊಂದನ್ನು ಬ್ಯಾಗಿಗೆ ಹಾಕಿಕೊಂಡಿದ್ದೆ. ಮೆಟ್ರೋ ಸೆಕ್ಯುರಿಟಿಯಾಕೆ ಸ್ಕ್ಯಾನರಿನಲ್ಲಿ ಅದನ್ನು ನೋಡಿ, "ಇದೇನ್ ಸಾರ್?" ಎಂದರು. "ಸುರಕ್ಷತೆಗೆ ಮೇಡಂ" ಎಂದೆ. "ಯಾರ ಸುರಕ್ಷತೆಗೆ?" ಎಂದರು. ಸಿಲಿಂಡರ್ ಅಲ್ಲೇ ಉಳಿಯಿತು. ಭಾವನ ಮನೆ ಮುಟ್ಟುವ ಮೊದಲೇ ಒಂದು ರಿಜೆಕ್ಟು!

ಮೊದಲ ದಿನ. ನನ್ನ ಯೋಜನೆ ಸರಳವಾಗಿತ್ತು: ಅಂಗಡಿಗೆ ಹೋಗುವುದು, ಹೊಸ ಸೈಲೆನ್ಸರ್ ಕೊಳ್ಳುವುದು, ಹಾಕಿಸುವುದು, ಮನೆಗೆ ಹೋಗುವುದು. ಲೋಕದಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ. ಭಾವ ಲೋಕದವರಲ್ಲ.

ಸ್ಪೇರ್ ಪಾರ್ಟ್ಸ್ ಅಂಗಡಿಯವನು ಒಳ್ಳೆಯ ಮನುಷ್ಯ. ಇಷ್ಟು ಹಳೆಯ ಗಾಡಿಗೂ ಹೊಂದುವ ಸೈಲೆನ್ಸರ್ ಇದೆ ಎಂದು ಅಟ್ಟದಿಂದ ನಾಲ್ಕು ಇಳಿಸಿದ. ಭಾವ ಮೊದಲನೆಯದರ ಬಾಯಿಗೆ ವರ್ನಿಯರ್ ಇಟ್ಟರು. ಕಣ್ಣು ಕಿರಿದು ಮಾಡಿದರು. ಅಂಗಡಿಯ ಬೆಳಕಿಗೆ ತಿರುಗಿದರು, ಬೀದಿಯ ಬೆಳಕಿಗೆ ತಿರುಗಿದರು.

"ಎರಡು ಮಿಲಿಮೀಟರ್ ಕಮ್ಮಿ ಇದೆ."

"ಇಲ್ಲ ಸಾರ್, ಕಂಪನಿ ಅಳತೆ. ಎಲ್ಲರಿಗೂ ಇದೇ ಕೂರುತ್ತೆ."

"ಎಲ್ಲರೂ ಕುರುಡರು. ಮುಂದಿಂದು ತೆಗಿ."

ಎರಡನೆಯದು ಮೂರು ಮಿಲಿಮೀಟರ್ ಜಾಸ್ತಿ. ಮೂರನೆಯದರ ಬಾಯಿ ಮೊಟ್ಟೆಯಾಕಾರ. ನಾಲ್ಕನೆಯದನ್ನು ಅಳೆಯಲೂ ಇಲ್ಲ, ಬೆರಳಿನಲ್ಲಿ ಸವರಿ "ಛೀ" ಎಂದರು. ಇಷ್ಟಾದರೆ ಸಹಿಸಬಹುದಿತ್ತು. ನಾನು ಫೋನಿನಲ್ಲಿ ಮಾತಾಡಿ ತಿರುಗುವಷ್ಟರಲ್ಲಿ ನಾಲ್ಕೂ ಹೊಳೆಯುವ ಹೊಸ ಸೈಲೆನ್ಸರುಗಳ ಮೇಲೆ ಕೆಂಪು ಪೇಂಟಿನ ಅಡ್ಡಗೆರೆ!

ಅಂಗಡಿಯವನು ಕೌಂಟರ್ ಹಾರಿ ಹೊರಗೆ ಬಂದ. "ಯಾರ್ ಗುರು ನೀನು? ನನ್ ಮಾಲಿಗೆ ಪೇಂಟ್ ಹೊಡಿಯೋಕೆ ಯಾರು ನೀನು?"

"ಇನ್‌ಸ್ಪೆಕ್ಟರ್" ಎಂದರು ಭಾವ, ಎದೆ ಸೆಟೆಸಿ.

ಅಂಗಡಿಯವನು ಒಂದು ಕ್ಷಣ ಹೆದರಿದ. ಯಾವ ಇಲಾಖೆ ಎಂದು ಕೇಳಿದ. ಭಾವ ಹೇಳಿದರು. ಆಮೇಲೆ ಅವನು ಹೆದರಲಿಲ್ಲ. ಅವನಾಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅವುಗಳಲ್ಲಿ ಅರ್ಧ ನನಗೆ ಸಂದವು, ಏಕೆಂದರೆ ಭಾವ ಆಗಲೇ ಗಾಡಿಯ ಬಳಿ ಹೋಗಿ ನಿಂತಿದ್ದರು. ನಾನು ಸೈಲೆನ್ಸರುಗಳನ್ನು ಕರ್ಚೀಫಿನಿಂದ ಒರೆಸುತ್ತ, ಕೈಮುಗಿಯುತ್ತ, ಮತ್ತೆ ಒರೆಸುತ್ತ ನಿಂತೆ. ಪೇಂಟು ಹೋಗಲಿಲ್ಲ. ಕರ್ಚೀಫು ಹೋಯಿತು.

"ಯಾಕ್ ಭಾವ ಹಿಂಗ್ ಮಾಡ್ತೀರಿ? ಮಾನ ಮರ್ಯಾದೆ ಬೇಡ್ವಾ?" ಎಂದು ಬೀದಿಯಲ್ಲೇ ಕೂಗಿದೆ. ಮೂವತ್ತು ವರ್ಷದಲ್ಲಿ ನಾನು ಅವರ ಮೇಲೆ ದನಿ ಎತ್ತಿದ್ದು ಅದೇ ಮೊದಲು.

"ಕೆಟ್ಟ ಮಾಲಿಗೆ ಯಾವ ಮರ್ಯಾದೆ?" ಎಂದು ಅವರು ಕಿಕ್ ಹೊಡೆದರು. ಗಾಡಿ ಮಷಿನ್ ಗನ್ನಿನಂತೆ ಸಿಡಿಯಿತು. ನಾನು ಇನ್ನೂ ಏನೇನೋ ಅಂದೆ. ಒಂದಕ್ಷರವೂ ಯಾರಿಗೂ ಕೇಳಿಸಲಿಲ್ಲ. ಹೀಗೆ ನನ್ನ ಬಂಡಾಯವನ್ನು ಆ ಸೈಲೆನ್ಸರೇ ನುಂಗಿಹಾಕಿತು!

ಎರಡನೇ ದಿನ ಭಾವ ತಾವೇ ರಿಪೇರಿ ಮಾಡುತ್ತೇನೆಂದು ಅಂಗಳದಲ್ಲಿ ಕೂತರು. ನಾನು ಎರಡು ಬಕೆಟ್ ಮರಳು ತಂದಿಟ್ಟುಕೊಂಡು ಪಕ್ಕದಲ್ಲಿ ಕೂತೆ. ಅಕ್ಕ ಜಗಲಿಯಲ್ಲಿ ಕೂತು ಪೇಪರನ್ನು ಜೋರಾಗಿ ಓದುತ್ತಿದ್ದಳು. ಇದೂ ಭಾವನ ಹೊಸ ದರ್ಬಾರು. ಒಂದು ವರ್ಷದಿಂದ ಪೇಪರನ್ನು ಅಕ್ಕನೇ ಓದಿ ಹೇಳಬೇಕು, ಇವರು ಕೇಳಿ, "ಈ ಸುದ್ದಿ ರಿಜೆಕ್ಟ್" ಎನ್ನಬೇಕು. ಕಣ್ಣೆದುರಿಗೆ ಪೇಪರಿದ್ದರೂ ಹೆಂಡತಿಯ ಕೈಲಿ ಓದಿಸಿಕೊಳ್ಳುವ ದೌಲತ್ತು ನೋಡಿ! ನನ್ನ ಹೆಂಡತಿಗೆ ನಾನು ಹೀಗೆ ಹೇಳಿದ್ದರೆ ಮರುದಿನದ ಪೇಪರಿನಲ್ಲಿ ನಾನೇ ಸುದ್ದಿ.

ತುಕ್ಕು ಹಿಡಿದ ತೂತು ಹಿಂಭಾಗದ ತಳದಲ್ಲಿತ್ತು. ಮಳೆಗಾಲದ ನೀರೆಲ್ಲ ಅಲ್ಲಿ ನಿಂತು ಒಳಗಿಂದಲೇ ತಿಂದು ಹಾಕಿತ್ತು. ಬೆರಳಿಟ್ಟರೆ ತಗಡು ಹಪ್ಪಳದಂತೆ ಮುರಿಯುತ್ತಿತ್ತು. ಭಾವ ಅಡುಗೆಮನೆಯಿಂದ ಖಾಲಿ ತುಪ್ಪದ ಡಬ್ಬಿ ತಂದರು. ಅದನ್ನು ಸೀಳಿ, ಬಿಡಿಸಿ, ಸೈಲೆನ್ಸರಿಗೆ ಸುತ್ತಿ, ಎರಡು ಕಡೆ ತಂತಿ ಬಿಗಿದರು. ಸುತ್ತುವ ಮೊದಲು ಒಳಗೆ ಯಾವುದೋ ಅಂಟು ಮೆತ್ತಿದ್ದರು. ತೂತಿನ ಮೇಲೆ ಮೆತ್ತಬೇಕಾದದ್ದು ತೂತಿಗಿಂತ ಎರಡು ಬೆರಳು ಆಚೆ ಮೆತ್ತಿತ್ತು.

"ಭಾವ, ತೂತು ಈ ಕಡೆ ಇದೆ."

"ನೀನು ನಂಗೆ ತೂತು ತೋರಿಸ್ತೀಯಾ? ನಿನ್ನ ಕಂಪನಿ ಬಾಗಿಲು ಎಲ್ಲಿದೆ ಅಂತ ಬೋರ್ಡ್ ಹಾಕೋ ಕೆಲಸ ನೋಡ್ಕೋ ಹೋಗು."

ಹೋದೆ. ಮರಳಿನ ಬಕೆಟನ್ನು ಕಾಲಿಂದ ಒದ್ದು ಹೋದೆ. ಅದು ಬಿದ್ದು, ಮರಳೆಲ್ಲ ಚೆಲ್ಲಿ, ಅದನ್ನು ಮತ್ತೆ ನಾನೇ ಗುಡಿಸಿದೆ. ಸಿಟ್ಟು ಮಾಡಿಕೊಳ್ಳುವುದಕ್ಕೂ ಒಂದು ಯೋಗ್ಯತೆ ಬೇಕು.

ಸಂಜೆ ಪರೀಕ್ಷೆಗೆಂದು ಬೀದಿಯ ತುದಿಯವರೆಗೆ ಗಾಡಿ ಓಡಿಸಿದರು. ಡಬ್ಬಿ ಕಾಯಿತು. ಒಳಗೆ ಮೂಲೆಯಲ್ಲಿ ಉಳಿದಿದ್ದ ತುಪ್ಪ ಕರಗಿತು. ಇಡೀ ಬೀದಿಗೆ ಮೈಸೂರುಪಾಕಿನ ವಾಸನೆ! ಎಲ್ಲೆಲ್ಲಿ ಮಲಗಿದ್ದವೋ, ಒಂಬತ್ತು ನಾಯಿಗಳು ಎದ್ದು ಗಾಡಿಯ ಹಿಂದೆ ಓಡಿದವು. ಮೂಲೆ ತಿರುಗುವಲ್ಲಿ ಡಬ್ಬಿ ಕಳಚಿ ಹಾರಿತು, ನಾಯಿಗಳು ಅದನ್ನು ಹಿಡಿದವು, ಭಾವ ನಾಯಿಗಳಿಗೆ ಬೈದರು, ಎದುರುಮನೆಯವರು ಭಾವನಿಗೆ ಬೈದರು, ಅಕ್ಕ ನನಗೆ ಬೈದಳು. ನಾನು ಯಾರಿಗೆ ಬೈಯಲಿ? ಆರ್‌ಟಿಓ ಪರೀಕ್ಷೆಗೆ ಉಳಿದಿದ್ದು ಒಂದು ದಿನ.

ಮೂರನೇ ದಿನ ಬೆಳಗ್ಗೆ ಭಾವ ತಾವಾಗಿಯೇ, "ನಡಿ, ಪೀಣ್ಯಕ್ಕೆ ಹೋಗೋಣ" ಎಂದರು.

ಅವರು ದಿನಾ ಹೋಗುವ ಶೆಡ್ಡುಗಳಲ್ಲಿ ಒಂದು ವೆಲ್ಡಿಂಗಿನದು. ಮಾಲೀಕ ಬಾಗಲಕೋಟೆ ಕಡೆಯವನು, ನಲವತ್ತರ ಆಸುಪಾಸು, ದಪ್ಪ ಮೀಸೆ. ಭಾವ ಗಾಡಿಯಿಂದ ಇಳಿಯುತ್ತಿದ್ದಂತೆ ಎದ್ದು ನಿಂತು, "ಬರ್ರಿ ಸಾಹೇಬ್ರ, ಬರ್ರಿ" ಎಂದ. ಭಾವ ವರ್ನಿಯರ್ ತೆಗೆದು ಗಾಡಿಯ ಒಂದೊಂದು ಅಳತೆಯನ್ನೂ ತಾವೇ ತೆಗೆದು, ಚೀಟಿಯ ಮೇಲೆ ಬರೆದು, ಅವನ ಕೈಗಿಟ್ಟರು.

"ಕೊಳೆತ ಭಾಗ ಕತ್ತರಿಸು. ಈ ಅಳತೆಗೆ ಹೊಸ ತಗಡು ಸುತ್ತಿ ಸೇರಿಸು. ಕ್ಲ್ಯಾಂಪಿನ ತೂತು ಇಲ್ಲಿಗೆ ಬರಬೇಕು. ಒಂದು ಕೂದಲು ಆಚೀಚೆ ಆದ್ರೂ ಪೇಂಟ್ ಹೊಡೀತೀನಿ."

"ಹೂಂ ಸಾಹೇಬ್ರ. ನೀವು ಹೇಳಿದಾಂಗ."

ಭಾವ ಪಕ್ಕದ ಶೆಡ್ಡಿನ ಪೀಸುಗಳನ್ನು ಚೆಕ್ ಮಾಡಲು ಹೋದರು. ಅವರು ಮರೆಯಾದದ್ದೇ ತಡ, ಈ ಮನುಷ್ಯ ಚೀಟಿಯನ್ನು ಮಡಿಸಿ ಕಿವಿಯ ಮೇಲಿಟ್ಟುಕೊಂಡು, ತನ್ನ ಟೇಪು ತೆಗೆದು, ಗಾಡಿಯ ಪಕ್ಕ ಕೂತು ಮತ್ತೆ ಮೊದಲಿಂದ ಅಳೆಯತೊಡಗಿದ!

ನನ್ನ ಸಿಟ್ಟು ಹೊಸ ಗಿರಾಕಿ ಸಿಕ್ಕಂತೆ ಅವನ ಕಡೆ ತಿರುಗಿತು. "ಏನ್ರೀ ಇದು? ಅವರು ಅಷ್ಟು ಕಷ್ಟಪಟ್ಟು ಅಳತೆ ಬರೆದುಕೊಟ್ಟಿದ್ದಾರೆ. ನೀವು ನೋಡೋದೂ ಇಲ್ವಲ್ಲ!"

ಅವನು ತಲೆ ಎತ್ತಲಿಲ್ಲ. "ಸಾಹೇಬ್ರು ಬರದದ್ದಕ್ಕ ಮಾಡಿದ್ರ ಇದು ಕೂಡಂಗಿಲ್ರಿ. ತೂತು ಒಂದ್ ಬೆರಳ ಆಚಿಕ್ ಬರತೈತಿ."

"ಅಂದ್ರೆ?"

"ಅಂದ್ರ ಅವರಿಗೆ ಕಣ್ಣ ಕಾಣಂಗಿಲ್ರಿ." ಟೇಪನ್ನು ಸರ್ರೆಂದು ಒಳಕ್ಕೆ ಬಿಟ್ಟ. "ಮನ್ಯಾಗ ಗೊತ್ತಿಲ್ಲೇನ್ರಿ? ಈ ಗಲ್ಲಿಯೊಳಗ ಎಲ್ಲಾರಿಗೂ ಗೊತ್ತೈತಿ. ಒಂದ್ ವರ್ಷ ಆತು. ಪೊರಿ ಬಂದಿರಬೇಕು. ವರ್ನಿಯರಿನ ಸಣ್ಣ ಗೀಟು ಕಾಣಂಗಿಲ್ಲ, ಆದ್ರ ಹೇಳಂಗಿಲ್ಲ."

ನಾನು ಅಲ್ಲೇ ಒಂದು ಕಬ್ಬಿಣದ ಪೆಟ್ಟಿಗೆಯ ಮೇಲೆ ಕೂತೆ. ಅಂಗಡಿಯ ನಾಲ್ಕು ಸೈಲೆನ್ಸರುಗಳು, ಎರಡು ಬೆರಳು ಆಚೆ ಮೆತ್ತಿದ ಅಂಟು, ಅಕ್ಕ ಜೋರಾಗಿ ಓದುವ ಪೇಪರು, ಎಲ್ಲ ಒಂದೊಂದಾಗಿ ಸಾಲಿಗೆ ಬಂದು ನಿಂತವು. ಕೋಳಿ ಲಾರಿ ಮಗುಚುವುದನ್ನು ಕೂಡ ಮುಂದಾಗಿ ಕಂಡಿದ್ದ ನನಗೆ ಇದು ಕಂಡಿರಲಿಲ್ಲ. ಎರಡು ದಿನ ಅವರ ಹಿಂದೆ ಗಾಡಿಯಲ್ಲಿ ಕೂತು ಓಡಾಡಿದ್ದೇನೆ. ಸೇಫ್ಟಿ ಆಫೀಸರಂತೆ!

"ಮತ್ತೆ ಇಲ್ಲಿ ಬಂದು ದಿನಾ ಅಳೀತಾರಲ್ಲ? ರಿಜೆಕ್ಟ್ ಮಾಡ್ತಾರಲ್ಲ?"

"ಮಾಡ್ತಾರ್ರಿ. ಹತ್ತರಾಗ ಆರಕ್ಕ ಕೆಂಪ್ ಹಚ್ಚತಾರ." ಅವನು ಗೋಡೆಯ ಗೂಡು ತೋರಿಸಿದ. ಅಲ್ಲಿ ಒಂದು ಬಾಟಲಿ, ಒಂದು ಹಳೆಯ ಬಟ್ಟೆ. "ಥಿನ್ನರ್. ಸಾಹೇಬ್ರು ಊಟಕ್ಕ ಹೋದ ಮ್ಯಾಲ ಒರಸಿ ಕಳಸ್ತೀವಿ. ಎಲ್ಲಾ ಶೆಡ್ಡಿನ್ಯಾಗೂ ಒಂದೊಂದು ಬಾಟ್ಲಿ ಐತ್ರಿ."

"ಯಾಕ್ರೀ ಇಷ್ಟೆಲ್ಲ? ಬರಬೇಡಿ ಅಂತ ಹೇಳಬಹುದಲ್ಲ?"

ಅವನಿಗೆ ನನ್ನ ಮೇಲೆ ಸಿಟ್ಟು ಬಂತು. ನಿಜವಾದ ಸಿಟ್ಟು, ಕಣ್ಣಿಗೆ ಕಟ್ಟಿಕೊಳ್ಳುವ ಕಪ್ಪು ಗಾಜನ್ನು ಹಣೆಗೇರಿಸಿ ನನ್ನನ್ನು ದಿಟ್ಟಿಸಿದ. "ನೀವು ಹೇಳ್ರಿ ನೋಡೂಣು! ನಾ ಇಲ್ಲಿಗೆ ಬಂದ ಹೊಸದರಾಗ ಅವರ ಫ್ಯಾಕ್ಟರಿಗೆ ಮಾಲು ಮಾಡಿ ಕೊಡ್ತಿದ್ದೆ. ಒಂದಿನ ಅಷ್ಟಕ್ಕೂ ಕೆಂಪ್ ಹಚ್ಚಿ ಒಗದ್ರು. ಹೊಡೀಬೇಕು ಅನ್ನೂವಷ್ಟು ಸಿಟ್ಟು ಬಂದಿತ್ರಿ ನನಗ. ಸಂಜೀಕ ಡ್ಯೂಟಿ ಮುಗಿಸಿ ತಾವ ಇಲ್ಲಿ ಬಂದು ಕುಂತು, ತಪ್ಪು ಎಲ್ಲಾಗೇತಿ ಅಂತ ಒಂದೊಂದ ಪೀಸು ಹಿಡದು ತೋರಿಸಿದ್ರು. ಎಂಟು ದಿನ ಬಂದ್ರು. ಬೈಕೋತ ಬೈಕೋತ ಕಲಿಸಿದ್ರು. ಅವರಿಗೆ ಬರಬ್ಯಾಡ್ರಿ ಅನ್ನೂದು ನನ್ನ ಕಡಿಂದ ಆಗಂಗಿಲ್ಲ."

ವೆಲ್ಡಿಂಗಿನ ಕಿಡಿ ಹಾರತೊಡಗಿತು. ನಾನು ಮುಖ ತಿರುಗಿಸಿದೆ. ಕಿಡಿ ನೋಡಬಾರದು ಎಂಬುದು ಸುರಕ್ಷತೆಯ ನಿಯಮ. ಆ ನಿಯಮ ಇದ್ದದ್ದು ಒಳ್ಳೆಯದೇ ಆಯಿತು.

ಭಾವ ಬಂದು ಹೊಸ ಬೆಸುಗೆಯ ಮೇಲೆ ಬೆರಳಾಡಿಸಿದರು. ಅಳತೆಪಟ್ಟಿ ಹಿಡಿದರು, ಬೆಳಕಿಗೆ ತಿರುಗಿದರು. "ನಾನು ಬರೆದಿದ್ದಷ್ಟೇ ಇದೆ" ಎಂದರು.

"ಇರಬೇಕಲ್ರಿ ಸಾಹೇಬ್ರ" ಎಂದ ಅವನು. ಅವನ ಕಿವಿಯ ಮೇಲಿನ ಚೀಟಿ ಮಡಿಸಿದಂತೆಯೇ ಇತ್ತು.

ಅದೇ ದಿನ ಮಧ್ಯಾಹ್ನ ಆರ್‌ಟಿಓ. ಸಾಲಿನಲ್ಲಿ ನಮಗಿಂತ ಮುಂದೆ ಹನ್ನೊಂದು ಗಾಡಿ. ಭಾವ ಹನ್ನೊಂದನ್ನೂ ರಿಜೆಕ್ಟ್ ಮಾಡಿ ಮುಗಿಸಿದರು. ಒಂದರ ಮಾಲೀಕ ಮೈಮೇಲೆ ಬಂದ. ನಾನು ಅಡ್ಡ ನಿಂತೆ. ಆದರೆ ಈ ಸಲ ಭಾವನ ದನಿಯಲ್ಲಿ ಎಂದಿನ ಗತ್ತಿರಲಿಲ್ಲ. ಅವರ ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಜೀವಮಾನವಿಡೀ ಇನ್ನೊಬ್ಬರ ಮಾಲಿಗೆ ಗೆರೆ ಎಳೆದ ಮನುಷ್ಯನ ಮಾಲನ್ನು ಇವತ್ತು ಇನ್ನೊಬ್ಬರು ನೋಡುವವರಿದ್ದರು.

ನೋಡಿದ್ದು ಒಬ್ಬರು ಚಿಕ್ಕ ವಯಸ್ಸಿನ ಇನ್‌ಸ್ಪೆಕ್ಟರ್ ಮೇಡಂ. ಹಾರ್ನ್ ಹೊಡೆಸಿದರು, ಬ್ರೇಕ್ ಒತ್ತಿಸಿದರು, ಲೈಟು ಹಾಕಿಸಿದರು. ಗಾಡಿ ಸ್ಟಾರ್ಟ್ ಮಾಡಿಸಿ ಬಗ್ಗಿ ಸೈಲೆನ್ಸರ್ ನೋಡಿದರು. "ಹೊಸದಾ ಸಾರ್?"

"ಹಳೇದೇ ಮೇಡಂ. ರೀವರ್ಕ್."

"ಚೆನ್ನಾಗಿ ಮಾಡಿದಾರೆ. ಸರಿ, ಚಾಸಿ ನಂಬರ್ ಓದಿ. ನಾನು ಆರ್‌ಸಿಲಿ ನೋಡ್ಕೋತೀನಿ."

ಚಾಸಿ ನಂಬರ್ ಎಂದರೆ ಹ್ಯಾಂಡಲಿನ ಕೆಳಗೆ, ಕಬ್ಬಿಣದ ಮೇಲೆ, ಇರುವೆ ಸಾಲಿನಂತೆ ಕೊರೆದ ಅಕ್ಷರಗಳು. ಇಪ್ಪತ್ತೈದು ವರ್ಷದ ಧೂಳು ಬೇರೆ. ಒಳ್ಳೆಯ ಕಣ್ಣಿಗೂ ಕಾಣುವಂಥದ್ದಲ್ಲ. ನಾನೇ ಓದುತ್ತೇನೆಂದು ಮುಂದೆ ಬಂದೆ. ಭಾವ ಕೈಯಿಂದ ನನ್ನನ್ನು ಹಿಂದಕ್ಕೆ ತಳ್ಳಿ, ಗಾಡಿಯ ಮುಂದೆ ಬಗ್ಗಿದರು. ಒಂದೊಂದೇ ಅಕ್ಷರ, ಒಂದೊಂದೇ ಅಂಕಿ, ಸ್ಪಷ್ಟವಾಗಿ, ತಡವರಿಸದೆ ಹೇಳಿ ಮುಗಿಸಿದರು. ಮೇಡಂ ಆರ್‌ಸಿ ನೋಡುತ್ತ ತಲೆಯಾಡಿಸುತ್ತಿದ್ದರು. ಒಂದೂ ತಪ್ಪಿರಲಿಲ್ಲ.

ಅಷ್ಟೂ ಬಾಯಿಪಾಠ! ನಂಬರ್ ಕೊರೆದಿದ್ದು ಬಲಗಡೆ; ಭಾವ ಬಗ್ಗಿ ನೋಡುತ್ತಿದ್ದದ್ದು ಎಡಗಡೆಯ ಖಾಲಿ ಕಬ್ಬಿಣವನ್ನು.

ಮೇಡಂಗೂ ಅದು ಕಂಡಿತು ಎಂದು ಕಾಣುತ್ತದೆ. ಒಂದು ಕ್ಷಣ ಭಾವನನ್ನು, ಆಮೇಲೆ ನನ್ನನ್ನು ನೋಡಿದರು. ಬಲಗಡೆಗೆ ಬಂದು, ತಾವೇ ಬಗ್ಗಿ, ಧೂಳೊರೆಸಿ, ನಂಬರ್ ಸರಿನೋಡಿಕೊಂಡರು. "ಗಾಡಿ ಪಾಸು ಸಾರ್" ಎಂದು ಸಹಿ ಹಾಕಿದರು. ನನ್ನ ಕಡೆ ತಿರುಗಿ ಮೆಲ್ಲಗೆ, "ನೀವು ಜೊತೇಲಿ ಇರ್ತೀರಲ್ಲ?" ಎಂದರು. ಇರ್ತೀನಿ ಮೇಡಂ ಎಂದೆ.

ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಭಾವ ಗಾಡಿ ನಿಲ್ಲಿಸಿದರು. ಪಾಸಾದ ಖುಷಿಗೆ ಯಾರಿಗಾದರೂ ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

"ನಿಂಗೆ ಗೊತ್ತಾಗಿದೆ" ಎಂದರು.

"ಏನು ಭಾವ?"

"ನಾಟಕ ಆಡಬೇಡ. ಸುಳ್ಳು ಹೇಳೋವಾಗ ನಿನ್ನ ಕಿವಿ ಕೆಂಪಾಗುತ್ತೆ. ಈಗ ಕಿವಿ ಕಾಣಿಸ್ತಿಲ್ಲ. ಆದ್ರೂ ಆಗಿರುತ್ತೆ."

ಆಗಿತ್ತು. ಎರಡೂ ಉರಿಯುತ್ತಿದ್ದವು. "ಡಾಕ್ಟರ್ ಹತ್ರ ಯಾಕೆ ಹೋಗ್ಲಿಲ್ಲ ಭಾವ?" ಎಂದು ಕೇಳಿದೆ. ಗದರಬೇಕೆಂದುಕೊಂಡಿದ್ದೆ, ಗದರಿಕೆ ಬರಲಿಲ್ಲ.

"ಫ್ಯಾಕ್ಟರೀಲಿ ವರ್ಷಕ್ಕೊಂದ್ಸಲ ಕಣ್ ಟೆಸ್ಟ್ ಇರ್ತಿತ್ತು. ನನ್ ಸೀನಿಯರ್ ಒಬ್ರು ಫೇಲಾದ್ರು. ಮಾರನೇ ದಿನ ಸ್ಟೋರಿಗೆ ಹಾಕಿದ್ರು, ಗೋಣಿಚೀಲ ಎಣಿಸೋಕೆ. ಮನುಷ್ಯ ಆಮೇಲೆ ಮಾತೇ ಆಡ್ಲಿಲ್ಲ." ಸ್ವಲ್ಪ ಹೊತ್ತು ಗಾಡಿಯ ಟ್ಯಾಂಕಿನ ಮೇಲೆ ಕೈಯಾಡಿಸಿದರು. "ಆ ಬಾಗಲಕೋಟೆಯವನು ನನ್ನ ಚೀಟಿ ನೋಡೋದೇ ಇಲ್ಲ ಕಣಯ್ಯಾ. ಅದೂ ಗೊತ್ತು ನಂಗೆ. ಥಿನ್ನರ್ ವಾಸನೆ ಬರಲ್ವಾ? ಮೂಗು ಚೆನ್ನಾಗೇ ಇದೆ."

ಅವರು ಕೀ ತೆಗೆದು ನನ್ನ ಕೈಗಿಟ್ಟರು.

"ನೀನು ಓಡಿಸು."

"ಭಾವ, ಗೇರಿನ ಗಾಡಿ ಮುಟ್ಟಿ ಇಪ್ಪತ್ತು ವರ್ಷ ಆಯ್ತು!"

"ಕಣ್ಣು ಕಾಣುತ್ತಲ್ಲ? ಸಾಕು ಹತ್ತು."

ಹತ್ತಿದೆ. ಅವರು ಹಿಂದೆ ಕೂತರು. ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಒಂದೆರಡು ಸಲ ಸೀಟಿನ ಪಟ್ಟಿ ಹುಡುಕಿ, ಕೊನೆಗೆ ನನ್ನ ಹೆಗಲ ಮೇಲಿಟ್ಟರು. ಗಾಡಿ ಹೊರಟಿತು. ಹೊಸ ಬೆಸುಗೆಯ ಸೈಲೆನ್ಸರು ತುಂಬ ಮೆತ್ತಗೆ ಗುರುಗುಟ್ಟುತ್ತಿತ್ತು.

ಜಾಲಹಳ್ಳಿ ಕ್ರಾಸ್ ಸಿಗ್ನಲ್ಲಿನಲ್ಲಿ ಹಸಿರು ಬಿತ್ತು. ನಾನು ಕ್ಲಚ್ ಬಿಟ್ಟೆ, ಗಾಡಿ ಒಮ್ಮೆ ಕುಪ್ಪಳಿಸಿ ಆಫ್ ಆಯಿತು. ಅಷ್ಟೇ. ಮೊದಲೇ ಹೇಳಿದ ಆ ಸಣ್ಣ ಎಡವಟ್ಟು ಇದೇ, ಅದೂ ನನ್ನಿಂದಲೇ. ಹಿಂದೆ ಬಸ್ಸು, ಟೆಂಪೋ, ಕಂಪನಿ ಕ್ಯಾಬುಗಳು ಒಟ್ಟಿಗೆ ಹಾರ್ನ್ ಹೊಡೆದವು. ಕಾಲಿಗೆ ಕಿಕ್ ಸಿಗಲಿಲ್ಲ. ಇನ್ನೇನು ಬೆನ್ನ ಹಿಂದಿನಿಂದ ಬೈಗುಳ ಬರುತ್ತದೆ ಎಂದು ಕುತ್ತಿಗೆ ಒಳಗೆಳೆದುಕೊಂಡೆ.

ಬೈಗುಳ ಬಂತು. ಆದರೆ ಭಾವ ಹಿಂದಕ್ಕೆ ತಿರುಗಿದ್ದರು.

"ಏಯ್! ಯಾಕ್ರೋ ಬಡ್ಕೋತೀರಾ? ನನ್ ಬಾಮೈದ ಸ್ಟಾರ್ಟ್ ಮಾಡ್ತಾ ಇದಾನೆ, ಕಾಣಿಸ್ತಿಲ್ವಾ? ಕಾಯ್ರೋ ಒಂದ್ ನಿಮಿಷ!"

ಆಮೇಲೆ ಈ ಕಡೆ ತಿರುಗಿ, ನನಗೊಬ್ಬನಿಗೇ ಕೇಳುವಂತೆ, "ನೀನು ನಿಧಾನಕ್ಕೆ ಮಾಡಪ್ಪಾ. ಅವಸರ ಇಲ್ಲ" ಎಂದರು.